ಅತ್ತೆಗೆ ಬೀಟಾ ಇಲ್ಲ

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಪೂರ್ತಿ ತಯಾರಾದ ವಸ್ತು ಒಂದನ್ನೂ ಬಳಸಿದವರಲ್ಲ! ಪಾರ್ಕಿನಲ್ಲಿ ‘ಬಣ್ಣ ಹಸಿ ಇದೆ, ಕೂರಬೇಡಿ’ ಎಂದು ಬರೆದ ಬೆಂಚು ಕಂಡರೆ ಕೂತು ನೋಡಿಯೇ ಏಳುವವರು. ಗಾಂಧಿ ಬಜಾರಿನಲ್ಲಿ ಹೊಸ ಹೋಟೆಲು ಶುರುವಾಗುತ್ತದೆ ಎಂದರೆ ಹಿಂದಿನ ದಿನವೇ ಹೋಗಿ, ಭಟ್ಟರು ಕಾವಲಿ ಪರೀಕ್ಷೆಗೆಂದು ಹುಯ್ದ ಮೊದಲ ದೋಸೆಯನ್ನು, ಅಂಟಿ ಹರಿದದ್ದನ್ನು, ಕೇಳಿ ತಿಂದು ಬರುವವರು. ಅದೇ ಮಾವ, ಅತ್ತೆಯ ವಿಷಯ ಬಂದರೆ, ಪೂರ್ತಿ ತಯಾರಾದ ವಸ್ತುವನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಈ ಎರಡು ಮಾತು ಒಂದೇ ಮನುಷ್ಯನಿಗೆ ಹೇಗೆ ಹೊಂದುತ್ತವೆ ಎಂದು ಕೇಳುತ್ತೀರಾ? ನನಗೂ ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಆದ್ದರಿಂದ ಅವಸರ ಮಾಡದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮಾವನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಈ ಬರಹದ ಪ್ರೂಫ್ ನೋಡಲು ಅವರೇ ಬಂದು ಕೂರುತ್ತಾರೆ!

ಪ್ರೂಫ್ ನೋಡುವುದು ಅವರ ಕಸುಬು. ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಮಾಡಿದರು. ಸೇರಿದಾಗ ಅವರ ಕೆಲಸ ಓದುವುದು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರು ಕೂತವರು ಅಚ್ಚಾದ ಪ್ರೂಫಿನೊಂದಿಗೆ ಹೋಲಿಸಿ ತಿದ್ದಬೇಕು. ಓದುವವರು ಮಾತಿನ ಜೊತೆಗೆ ಚಿಹ್ನೆಗಳನ್ನೂ ಬಿಡದೆ ಓದಬೇಕು. ಹಳೆಯ ಯಜಮಾನರ ಕಾಲದಿಂದ ಅಲ್ಲಿ ಚಿಹ್ನೆಗಳನ್ನು ಕನ್ನಡದಲ್ಲೇ ಹೇಳುವ ಪದ್ಧತಿ. ಆ ಅಭ್ಯಾಸ ಮನೆಗೂ ಬಂತು. ಬೆಳಗ್ಗೆ ಕಾಫಿಯ ಹೊತ್ತಿಗೆ ಮಾವ ಪತ್ರಿಕೆ ಓದಿ ಹೇಳಲು ಕೂತರೆ ಹೀಗಿರುತ್ತಿತ್ತು: “ಮಂತ್ರಿಗಳು ಅಲ್ಪವಿರಾಮ ನಿನ್ನೆ ಸಭೆಯಲ್ಲಿ ಅಲ್ಪವಿರಾಮ ಕಣ್ಣೀರಿಟ್ಟರು ಪೂರ್ಣವಿರಾಮ ಹೊಸ ಪ್ಯಾರಾ.”

“ಅಯ್ಯೋ, ಅವರು ಅತ್ತಿದ್ದು ಯಾಕೆ ಅಂತ ಹೇಳ್ರೀ ಅಂದ್ರೆ!” ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು.

“ಬರ್ತಿದೀನಿ ಇರೇ. ಆವರಣ ಚಿಹ್ನೆ ಬಂತು ಮಧ್ಯೆ.”

ಅತ್ತೆ ಬಂದು ಪತ್ರಿಕೆ ಕಿತ್ತುಕೊಂಡು ತಾವೇ ಓದಿಕೊಳ್ಳುತ್ತಿದ್ದರು. ಅತ್ತೆ ನನ್ನ ತಂದೆಯ ತಂಗಿ. ಮೊದಲ ಪುಟದ ಮೂಲೆಯಿಂದ ಕೊನೆಯ ಪುಟದ ಟೆಂಡರ್ ಪ್ರಕಟಣೆಯವರೆಗೆ ಪತ್ರಿಕೆಯನ್ನು ಪ್ರತಿದಿನ ಓದಿ, ಪದಬಂಧವನ್ನು ಪೆನ್ಸಿಲು ಬೇಡವೆಂದು ನೇರ ಪೆನ್ನಿನಲ್ಲೇ ತುಂಬುವ ಹೆಂಗಸು. ಈ ಮಾತನ್ನು ನೆನಪಿನಲ್ಲಿಡಿ.

ಇನ್ನು ಅವರ ಮದುವೆಯ ಕಥೆ. ಆಗ ನಾನು ಹುಟ್ಟಿರಲಿಲ್ಲ, ಇದೊಂದು ಮಾತ್ರ ಕೇಳಿದ್ದು. ಲಗ್ನಪತ್ರಿಕೆ ಮಾವನ ಅಚ್ಚುಕೂಟದಲ್ಲೇ ಅಚ್ಚಾಯಿತು. ಮೊದಲ ಪ್ರೂಫ್ ಮಾವ ನೋಡಿದರು, ಎರಡನೆಯದನ್ನೂ ನೋಡಿದರು, ಒಂದು ತಪ್ಪಿರಲಿಲ್ಲ. ಆದರೆ ಮುಹೂರ್ತ ಹತ್ತಿರ ಬಂದಿದ್ದರಿಂದ ಕೊನೆಯ ಪ್ರೂಫ್ ನೋಡದೆ ಅಚ್ಚಿಗೆ ಹೋಗಲಿ ಎಂದರು. ಯಂತ್ರಕ್ಕೆ ಏರಿಸುವಾಗ ‘18’ರಲ್ಲಿನ ಒಂದರ ಅಚ್ಚುಮೊಳೆ ಸಡಿಲವಾಗಿ ಬಿದ್ದುಹೋಯಿತು. ಮಲ್ಲೇಶ್ವರಂ ಹದಿನೆಂಟನೇ ಕ್ರಾಸಿನಲ್ಲಿ ಆಗಬೇಕಿದ್ದ ಮದುವೆ ಪತ್ರಿಕೆಯಲ್ಲಿ ಎಂಟನೇ ಕ್ರಾಸಿಗೆ ಬಂತು! ಹೆಣ್ಣಿನ ಕಡೆಯ ಅರ್ಧ ಜನ ಎಂಟನೇ ಕ್ರಾಸಿಗೆ ಹೋದರು. ಅಲ್ಲಿಯೂ ಒಂದು ಮದುವೆ ನಡೆಯುತ್ತಿತ್ತು. ಉಂಡರು, ಉಡುಗೊರೆ ಕೊಟ್ಟರು, ತಾಂಬೂಲ ತೆಗೆದುಕೊಂಡು ಬಂದರು. ನಮ್ಮ ಅಜ್ಜಿಯ ಅಣ್ಣ, ಅಲ್ಲಿ ಬಡಿಸಿದ ಚಿರೋಟಿಯ ಗುಣಗಾನವನ್ನು ಕೊನೆಯವರೆಗೂ ಮಾವನ ಎದುರಿಗೇ ಮಾಡುತ್ತಿದ್ದರಂತೆ.

ಅಂದಿನಿಂದ ಮಾವನಿಗೆ ಎರಡು ನಿಯಮ. ಪ್ರೂಫ್ ಮುಗಿಯದ ಯಾವುದನ್ನೂ ಅತ್ತೆಯ ಕೈಗೆ ಕೊಡಬಾರದು. ಮತ್ತು, ಯಾವ ಅಂಕಿಯನ್ನೂ ಹಗುರವಾಗಿ ಕಾಣಬಾರದು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮಾವ ನಿವೃತ್ತರಾಗಿ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಆರಿಸಿ ಜೋಡಿಸಿದ ಒಂದು ಕಂಪ್ಯೂಟರು ತಂದರು. (ಜೋಡಿಸಿ ಮುಗಿದದ್ದನ್ನು ಅಂಗಡಿಯವನು ತೋರಿಸಿದನಂತೆ. ಬೇಡವೆಂದರಂತೆ!) ಹೇಳಿಕೊಡಲು ನನ್ನನ್ನು ಕರೆದರು. ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಭೌತಶಾಸ್ತ್ರ ಬಂದವನಿಗೆ ಕಂಪ್ಯೂಟರು ಬಾರದೆ ಇರುತ್ತದೆಯೇ ಎಂಬುದು ನಮ್ಮ ಬಂಧುಗಳ ನಂಬಿಕೆ.

“ಇದು ಬ್ರೌಸರು ಮಾವ. ಇಂಟರ್ನೆಟ್ಟಿನ ಪುಟಗಳನ್ನ ತೋರಿಸೋದು ಇದೇ” ಎಂದೆ.

“ಎಷ್ಟನೇ ಮುದ್ರಣ?”

ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹುಡುಕಿ ತೆಗೆದು ತೋರಿಸಿದೆ. ಒಂದು, ಚುಕ್ಕೆ, ಐದು, ಚುಕ್ಕೆ, ಸೊನ್ನೆ, ಚುಕ್ಕೆ, ನಾಲ್ಕು. ಮಾವ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋದರು. “ಇಷ್ಟೊಂದು ಚುಕ್ಕೆ ಯಾಕಯ್ಯಾ ಇಟ್ಟಿದಾರೆ?”

ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಬಾಗಿಲಲ್ಲೇ ನಿಲ್ಲಿಸಿಕೊಂಡು ಹೇಳಿದರು. “ಅದು ವಿಳಾಸ ಕಣಯ್ಯಾ! ಮೊದಲನೇ ಅಂಕಿ ಬಡಾವಣೆ. ಎರಡನೇದು ಮೇನ್ ರೋಡು. ಮೂರನೇದು ಕ್ರಾಸು. ಕೊನೇದು ಮನೆ ನಂಬರು. ಬಡಾವಣೆ ಬದಲಾದ್ರೆ ಏನು ಬೇಕು? ಲಾರಿ ಬೇಕು. ಅಂದ್ರೆ ಎಲ್ಲಾ ಬದಲಾಗಿದೆ ಅಂತ. ಮನೆ ನಂಬರು ಮಾತ್ರ ಬದಲಾದ್ರೆ? ಹಾಲಿನವನಿಗೆ ಹೇಳಿದ್ರೆ ಸಾಕು. ಎಲ್ಲೋ ಒಂದು ತೂತು ಮುಚ್ಚಿದಾರೆ ಅಷ್ಟೆ.”

ಮಹಡಿಯ ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದರು. ಕೊನೆಯ ಅಂಕಿ ಒಂಬತ್ತು ದಾಟಿ ಹತ್ತಾದ ದಿನ ಅವರು ಇಳಿದು ಬಂದು ತಕರಾರು ತೆಗೆದರು. ಚುಕ್ಕೆಯ ಮುಂದೆ ಹತ್ತು ಇದ್ದರೆ ಅದು ಒಂಬತ್ತಕ್ಕಿಂತ ಚಿಕ್ಕದು, ಇದು ಮುಂದಕ್ಕೆ ಹೋದದ್ದಲ್ಲ, ಹಿಂದಕ್ಕೆ ಬಂದದ್ದು ಎಂದು ಅವರ ವಾದ.

“ಸ್ವಾಮಿ, ಇದು ದಶಾಂಶ ಅಲ್ಲ” ಎಂದರು ಮಾವ. “ಮಲ್ಲೇಶ್ವರದಲ್ಲಿ ಒಂಬತ್ತನೇ ಕ್ರಾಸ್ ಆದ್ಮೇಲೆ ಹತ್ತನೇ ಕ್ರಾಸ್ ಬರತ್ತೋ, ಒಂದನೇ ಕ್ರಾಸ್ ಪಕ್ಕ ಬರತ್ತೋ? ನಡ್ಕೊಂಡು ಹೋಗಿ ನೋಡ್ಕೊಂಡು ಬನ್ನಿ.”

ಮೇಷ್ಟ್ರು ಹೋಗಿ ನೋಡಿದರೋ ಇಲ್ಲವೋ ಗೊತ್ತಿಲ್ಲ. ತಿಂಗಳ ಕಾಲ ಅವರು ಮಾವನೊಂದಿಗೆ ಮಾತಾಡಲಿಲ್ಲ ಎಂಬುದು ಮಾತ್ರ ನಾನು ಕಂಡದ್ದು.

ಆದರೆ ಮಾವನ ನಿಜವಾದ ಹುಚ್ಚು ಶುರುವಾದದ್ದು ಅದರ ನಂತರ. ಬ್ರೌಸರಿಗೂ ಪ್ರೂಫ್ ಇರುತ್ತದೆ ಎಂದು ಅವರಿಗೆ ತಿಳಿಯಿತು! ಬರೆಯುವವರು ದಿನವಿಡೀ ಬದಲಾಯಿಸಿದ್ದನ್ನೆಲ್ಲ ರಾತ್ರಿ ಒಟ್ಟುಗೂಡಿಸಿ, ಬೆಳಗಾಗುವುದರೊಳಗೆ ಒಂದು ಹಸಿ ಪ್ರತಿ ಕಟ್ಟಿ ಹೊರಗಿಡುತ್ತಾರೆ. ಅದರ ಹೆಸರು ನೈಟ್ಲಿ. ಒಂದು ದಿನ ಓಡುತ್ತದೆ, ಇನ್ನೊಂದು ದಿನ ಏಳುವುದೇ ಇಲ್ಲ. ಹೊಸ ಅಂಗಗಳೆಲ್ಲ ಕೂಡಿಕೊಂಡ ಮೇಲೆ ಅದು ಆಲ್ಫಾ. ಇನ್ನು ಹೊಸದು ಸೇರಿಸಬೇಡಿ, ತಪ್ಪು ಮಾತ್ರ ತಿದ್ದಿ ಎನ್ನುವ ಹಂತಕ್ಕೆ ಬಂದರೆ ಬೀಟಾ. ಬೀಟಾ ಒಂದು, ಎರಡು, ಮೂರು ಎಂದು ಬರುತ್ತಲೇ ಇರುತ್ತದೆ. ಆಮೇಲೆ, ಏನೂ ತಪ್ಪು ಸಿಗದಿದ್ದರೆ ಇದೇ ಕೊನೆಯದು ಎನ್ನುವ ಒಂದು ಪ್ರತಿ. ಅದೂ ದಾಟಿದರೆ ಫೈನಲ್.

“ಗ್ಯಾಲಿ ಪ್ರೂಫು, ಪೇಜ್ ಪ್ರೂಫು, ಪ್ರಿಂಟ್ ಆರ್ಡರು!” ಮಾವನ ದನಿ ಒದ್ದೆಯಾಗಿತ್ತು. “ನಾವು ಮೊದಲನೇ ಹಸಿ ಪ್ರತೀನ, ಆ ಗ್ಯಾಲಿ ಪ್ರೂಫನ್ನ, ಗಿರಾಕಿ ಕಣ್ಣಿಗೆ ಬೀಳದ ಹಾಗೆ ಬಚ್ಚಿಡ್ತಿದ್ವಿ. ಇವರು ಬೀದೀಲಿಟ್ಟು, ತಪ್ಪಿದ್ರೆ ಹೇಳಿ ಸ್ವಾಮಿ ಅಂತಾರಲ್ಲಯ್ಯಾ! ಎಂಥಾ ಜನ!”

ಮಾವನೂ ತಪ್ಪು ಹೇಳತೊಡಗಿದರು. ದಿನಾ ಬೆಳಗ್ಗೆ ಆರು ಗಂಟೆಗೆ ನೈಟ್ಲಿ ಇಳಿಸುವುದು, ಎಂಟರವರೆಗೆ ಅದನ್ನು ಗೋಳು ಹುಯ್ದುಕೊಳ್ಳುವುದು, ಸಿಕ್ಕ ತಪ್ಪುಗಳನ್ನು ಅಚ್ಚುಕೂಟದ ಇಂಗ್ಲಿಷಿನಲ್ಲಿ ಬರೆದು ಕಳುಹಿಸುವುದು. ಒಮ್ಮೆ ಯಾವ ದೇಶದವನೋ ಉತ್ತರ ಬರೆದ. ನೀವು ಹೇಳಿದ ತಪ್ಪು ನನ್ನ ಯಂತ್ರದಲ್ಲಿ ಕಾಣುತ್ತಿಲ್ಲ ಎಂದಿತ್ತು. ಮಾವ ಎರಡು ಸಲ ಓದಿ ತಲೆಯಾಡಿಸಿದರು. “ಮೊಳೆ ಜೋಡಿಸೋರು ಎಲ್ಲಾ ದೇಶದಲ್ಲೂ ಒಂದೇ ಕಣಯ್ಯಾ. ನಮ್ಮ ಕಂಪೋಸಿಟರೂ ಇದನ್ನೇ ಹೇಳ್ತಿದ್ದ!”

ಕಂಪ್ಯೂಟರು ಒಂದೇ. ಪರದೆಯ ಮೇಲೆ ಗುರುತು ಮಾತ್ರ ಎರಡು. ಬಲಗಡೆ ‘ನನ್ನದು, ಮುಟ್ಟಬೇಡಿ’. ಅದು ನೈಟ್ಲಿ. ಎಡಗಡೆ ‘ಮನೆಯವರದು’. ಅದು ಫೈನಲ್. ಫೈನಲ್ ಬಂದ ಕೂಡಲೇ ಅದನ್ನು ಹಾಕುತ್ತಿದ್ದರು ಎಂದುಕೊಳ್ಳಬೇಡಿ! ಸೊನ್ನೆಯಲ್ಲಿ ಮುಗಿಯುವ ಅಂಕಿಯನ್ನು ಅವರು ನಂಬುತ್ತಿರಲಿಲ್ಲ. ಕೊನೆಯಲ್ಲಿ ಒಂದೋ ಎರಡೋ ಬರಲಿ, ಊರಿನವರೆಲ್ಲ ಎಡವಿದ ತೂತುಗಳು ಮುಚ್ಚಲಿ, ಆಮೇಲೆ ಮನೆಯವರಿಗೆ.

ಹುಚ್ಚು ಕಂಪ್ಯೂಟರಿನ ಮೇಜಿನ ಮೇಲೇ ನಿಲ್ಲಲಿಲ್ಲ. ನಾನು ಮೂವತ್ತರ ಹತ್ತಿರವಿದ್ದೂ ಮದುವೆಯಾಗಿರಲಿಲ್ಲವಾಗಿ ನನಗೆ, ಇನ್ನೂ ಒಂದನೇ ಮುದ್ರಣವೇ ಆಗದವನೆಂದು, ಸೊನ್ನೆ ಚುಕ್ಕೆ ಒಂಬತ್ತು ಎಂದು ಹೆಸರಾಯಿತು. ಅಗೆದು ಮುಚ್ಚಿ ಮತ್ತೆ ಅಗೆದ ಚಾಮರಾಜಪೇಟೆಯ ರಸ್ತೆಗೆ ‘ನೈಟ್ಲಿ ರೋಡು’ ಎಂದಾಯಿತು. ಅತ್ತೆಯ ಸಾರಿಗೆ ಎರಡು ಚುಕ್ಕೆ ಸೊನ್ನೆ ಎಂಬ ಅಂಕಿ ಬಂತು. ಒಂದು ಭಾನುವಾರ ಅತ್ತೆ ಹಿಂಗು ಬದಲಾಯಿಸಿದ್ದರು. ಮಾವ ಕೈಯಲ್ಲಿನ ತುತ್ತು ನಿಲ್ಲಿಸಿ ಘೋಷಿಸಿದರು. “ಎರಡು ಚುಕ್ಕೆ ಸೊನ್ನೆ ಚುಕ್ಕೆ ಒಂದು.”

“ಏನ್ರೀ, ಅಷ್ಟೇನಾ? ಹಿಂಗು ಬದಲಾದ್ರೆ ಸಾರೇ ಬದಲಾಯ್ತು ಅಂತ. ಮೂರು ಹಾಕಿ.”

“ಆಗಲ್ಲ ಕಣೇ. ಬೇಳೆ ಅದೇ, ಪುಡಿ ಅದೇ. ತಿದ್ದುಪಡಿ ಇದು.”

“ಪುಟ್ಟಾ, ನೀನು ಹೇಳೋ. ಮೂರು ತಾನೆ?”

ನಾನು ಭೌತಶಾಸ್ತ್ರದವನು, ತೂಕ ಮಾಡಿ ಎರಡೂವರೆ ಎಂದೆ. ಇಬ್ಬರೂ ನನ್ನನ್ನು ಬೈದರು. ‘ಅರ್ಧ’ ಎಂಬ ಅಂಕಿಯೇ ಈ ಪದ್ಧತಿಯಲ್ಲಿ ಇಲ್ಲವಂತೆ!

ನಿಯಮ ಒಂದು ಮಾತ್ರ ಎಲ್ಲಕ್ಕೂ ಒಂದೇ. ಹೊಸ ಬಗೆಯ ಉಪ್ಪಿನಕಾಯಿ ಮೊದಲು ಮಾವನ ಎಲೆಗೆ. ಹೊಸ ಇಸ್ತ್ರಿ ಪೆಟ್ಟಿಗೆ ಮೊದಲು ಮಾವನ ಪಂಚೆಗೆ. (ಆ ಪಂಚೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಿಟಕಿ ಆಯಿತು.) ಅತ್ತೆ ಕೈ ಚಾಚಿದರೆ, “ನಿಂಗೆ ಬೀಟಾ ಇಲ್ಲ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದರು.

ಬ್ರೌಸರಿನ ಎರಡನೆಯ ಬಡಾವಣೆಗೆ ನಾವೆಲ್ಲ ಬಂದು ನೆಲೆಸಿದ್ದ ವರ್ಷ ಅತ್ತೆ ಪದಬಂಧದ ಒಂದು ಮನೆಯಲ್ಲಿ ಎರಡು ಅಕ್ಷರ ಬರೆದರು. ಒಂದರ ಮೇಲೆ ಒಂದು. ಮಾವ ಅದನ್ನು ಕಂಡು ತಮಾಷೆ ಮಾಡಲಿಲ್ಲ. ಮಾರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನೋಟದ ನಡುಭಾಗ ಮಾಸುತ್ತಾ ಬರುತ್ತದೆ, ಅಂಚು ಉಳಿಯುತ್ತದೆ ಎಂದರು ಡಾಕ್ಟರು. ನಿಧಾನವಾಗಿ. ಎಷ್ಟು ನಿಧಾನ ಎಂದು ಅವರು ಹೇಳಲಾರರು.

“ಹೇಗೆ ಕಾಣತ್ತೆ ಅತ್ತೆ?” ಎಂದು ನಾನು ಕೇಳಿದೆ.

“ನಿನ್ನ ಹಿಂದಿರೋ ಕ್ಯಾಲೆಂಡರ್ ಕಾಣತ್ತೆ, ಮೊಳೆ ಕಾಣತ್ತೆ, ನಿನ್ನ ಭುಜ ಕಾಣತ್ತೆ. ಮುಖ ಇರೋ ಜಾಗದಲ್ಲಿ ಹೊಗೆ ಕೂತಿದೆ ಕಣೋ. ಪರವಾಗಿಲ್ಲ ಬಿಡು, ನಿನ್ನ ಮುಖ ನೋಡಿದೀನಿ. ಪೇಪರ್ ಓದೋದೇ ಕಷ್ಟ.”

ಅಚ್ಚಾದ ಪತ್ರಿಕೆ ಆಗದು, ಅಕ್ಷರ ದೊಡ್ಡದು ಮಾಡಲು ಬಾರದು. ಮಾವ ಓದಿ ಹೇಳಬಹುದಿತ್ತು. ಆದರೆ ಆ ಅಲ್ಪವಿರಾಮಗಳು! ಅದಕ್ಕಿಂತ ಹೆಚ್ಚಾಗಿ, ಅತ್ತೆ ಬೇಡವೆಂದರು. “ಇನ್ನೊಬ್ಬರು ಓದಿದ್ದನ್ನ ಕೇಳೋದು ಬೇರೆ. ನಾನೇ ಓದ್ಬೇಕು. ಆಗೋವಷ್ಟು ದಿನ ನಾನೇ ಓದ್ಬೇಕು.”

ಕಂಪ್ಯೂಟರಿನಲ್ಲಿ ಪತ್ರಿಕೆ ಬರುತ್ತಿತ್ತು. ಆದರೆ ಪುಟವನ್ನು ಫೋಟೋ ಹಿಡಿದಂತೆ, ಇಡೀ ಪುಟ ಒಂದು ಚಿತ್ರವಾಗಿ ಬರುತ್ತಿತ್ತು. ‘ಮನೆಯವರದು’ ಬ್ರೌಸರಿನಲ್ಲಿ ದೊಡ್ಡದು ಮಾಡಿದರೆ ಅಕ್ಷರಗಳು ದೊಡ್ಡದಾಗುತ್ತಿದ್ದವು, ಚಿತ್ರ ಇದ್ದ ಹಾಗೇ ಇರುತ್ತಿತ್ತು. ಭೂತಗನ್ನಡಿಯಂಥ ಒಂದು ಉಪಾಯವನ್ನೂ ಮಾವ ಹಾಕಿ ನೋಡಿದರು. ಪಟ್ಟಿಯ ಹಾಗೆ ಓಡುವ ಅದನ್ನು ನೋಡಿ ಅತ್ತೆಗೆ ತಲೆಸುತ್ತು ಬಂತು.

ಮತ್ತು ಬಲಗಡೆಯ ‘ನನ್ನದು, ಮುಟ್ಟಬೇಡಿ’ಯಲ್ಲಿ ಒಂದು ಬೆಳಗ್ಗೆ ಮಾವ ದೊಡ್ಡದು ಮಾಡುವ ಗುಂಡಿ ಒತ್ತಿದಾಗ ಇಡೀ ಪುಟ, ಚಿತ್ರ ಸಮೇತ, ಉಬ್ಬಿ ಬಂತು. ಮೂರನೆಯ ಬಡಾವಣೆಗೆಂದು ಕಟ್ಟುತ್ತಿದ್ದ ಹೊಸ ಅಂಗ ಅದು. ಇನ್ನೂ ಹಸಿ. ಅದು ಬೀಟಾ ಆಗಿ, ಬೀಟಾಗಳೆಲ್ಲ ಮುಗಿದು, ಫೈನಲ್ ಆಗಲು ಇನ್ನೂ ಎಷ್ಟೋ ತಿಂಗಳು. ಆ ಕಾಲದಲ್ಲಿ ಎರಡರಿಂದ ಮೂರಕ್ಕೆ ಹೋಗಲು ವರ್ಷಗಳೇ ಬೇಕಿದ್ದವು, ಈಗಿನಂತೆ ತಿಂಗಳಿಗೊಂದು ಅಂಕಿ ಏರುತ್ತಿರಲಿಲ್ಲ.

“ಅದನ್ನ ನಂಗೆ ಹಾಕ್ಕೊಡ್ರೀ” ಎಂದರು ಅತ್ತೆ.

“ಮುಗೀಲಿ ಇರೇ. ದಿನಾ ಬೀಳ್ತಿದೆ ಅದು.”

“ಬಿದ್ರೆ ಏಳತ್ತೆ.”

“ನಿಂಗೆ ಬೀಟಾ ಇಲ್ಲ.”

ಈ ಸಲ ಅತ್ತೆ ನಗಲಿಲ್ಲ. “ನನ್ನ ಕಣ್ಣು ನಿಮ್ಮ ಫೈನಲ್ಲಿಗೆ ಕಾಯತ್ತೇನ್ರೀ?” ಎಂದರು. ಮಾವ ಎದ್ದು ಒಳಗೆ ಹೋದರು. ನಾನು ಲೋಟದಲ್ಲಿ ಉಳಿದ ಕಾಫಿ ನೋಡುತ್ತಾ ಕೂತಿದ್ದೆ. ಇದೆಂಥಾ ಮೊಂಡು ಹಟ ಎಂದು ನನಗೆ ಸಿಟ್ಟು ಬಂದಿತ್ತು. ಅದನ್ನು ಒಪ್ಪಿಕೊಳ್ಳಬೇಕು.

ಮೊದಲ ಬೀಟಾ ಹೊರಬಂದ ವಾರ ನಾನು ಆ ಕೆಲಸ ಮಾಡಿದೆ. ಅಂದು ಸೋಮವಾರ, ಕಾಲೇಜಿಗೆ ರಜೆ. ಮಾವ ಗವಿಪುರದ ದೇವಸ್ಥಾನಕ್ಕೆ ಹೋಗಿದ್ದರು. ‘ಮನೆಯವರದು’ ಗುರುತಿನ ಹಿಂದಿದ್ದ ಎರಡನ್ನು ತೆಗೆದು ಮೂರರ ಬೀಟಾ ಕೂರಿಸಿದೆ. ಅತ್ತೆಯನ್ನು ಕರೆದೆ. ಪುಟ ದೊಡ್ಡದಾಯಿತು. ಅತ್ತೆ ತಲೆಯನ್ನು ಸ್ವಲ್ಪ ಓರೆಮಾಡಿ, ಕಣ್ಣಂಚಿನಿಂದ, ಮೊದಲ ಸುದ್ದಿಯ ಶೀರ್ಷಿಕೆ ಓದಿದರು. ಎರಡನೆಯದನ್ನೂ ಓದಿದರು. ಕೆನ್ನೆ ಕೆಂಪಾಗಿತ್ತು. ಅವರು ಗಂಡನ ಮೇಲೆ, ನಾನು ಮಾವನ ಮೇಲೆ ಗೆದ್ದೆವು ಎಂದು ಇಬ್ಬರೂ ನಕ್ಕೆವು.

ಕಾಲು ಗಂಟೆ ಆಗಿರಬೇಕು. ಪರದೆ ನಿಂತುಹೋಯಿತು. ಆಮೇಲೆ ಬ್ರೌಸರು ಮಾಯವಾಯಿತು. ಮತ್ತೆ ತೆರೆದೆ. ಅತ್ತೆ ಎರಡು ವರ್ಷದಿಂದ ಗುರುತು ಹಾಕಿಟ್ಟಿದ್ದ ಪುಟಗಳ ಪಟ್ಟಿ, ಅಡುಗೆಯದು, ಹಾಡಿನದು, ಹಳೆಯ ಕಥೆಗಳದು, ಒಂದೂ ಇರಲಿಲ್ಲ.

ನಾನು ಏನಾದರೂ ಹೇಳುವ ಮೊದಲೇ ಅತ್ತೆ ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ನಾನೇ ಏನೋ ಒತ್ತಿಬಿಟ್ಟೆ ಕಣೋ” ಎಂದರು. “ಕಾಣಲ್ವಲ್ಲ. ಮುಟ್ಟಬಾರದಿತ್ತು.”

“ಇಲ್ಲ ಅತ್ತೆ, ಅದು ಯಂತ್ರದ್ದು. ಬೀಟಾ ಅದು, ನಾನೇ ಕದ್ದು ಹಾಕಿದ್ದು.”

“ನನ್ನ ಸಮಾಧಾನಕ್ಕೆ ಹೇಳ್ತೀಯ. ಬಿಡು.”

ಎದ್ದು ಅಡುಗೆಮನೆಗೆ ಹೋದರು. ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಹೋದರು. ಅವರು ಹಾಗೆ ಮುಟ್ಟಿಕೊಂಡು ಹೋದದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಮಾವ ವಿಭೂತಿ ಹಚ್ಚಿಕೊಂಡು ಬಂದರು. ಪರದೆ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಹಳೆಯ ಎರಡನ್ನು ವಾಪಸು ಕೂರಿಸಿದರು. ಪಟ್ಟಿಯ ನಕಲು ಅವರ ಬಳಿ ಇತ್ತು, ಅದನ್ನೂ ತುಂಬಿದರು. ನಾನು ಹೊರಟಾಗ ಗೇಟಿನವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

“ನಂದು ಬಿದ್ರೆ ನಾನು ಯಂತ್ರಾನ ಬೈತೀನಯ್ಯಾ. ಅವಳದು ಬಿದ್ರೆ ಅವಳು ತನ್ನ ಕಣ್ಣನ್ನ ಬೈಕೋತಾಳೆ. ಅದಕ್ಕೇ ನಾನು ಕೊಡದೇ ಇದ್ದಿದ್ದು. ಇನ್ನೇನಕ್ಕೆ ಅಂದ್ಕೊಂಡೆ?”

ನಾನು ಹಟಕ್ಕೆ ಎಂದುಕೊಂಡಿದ್ದೆ. ಆ ವಾರ ಕಾಲೇಜಿನಲ್ಲಿ ಎರಡು ಪಾಠ ತಪ್ಪು ಹೇಳಿದೆ.

ಮುಂದಿನ ಭಾನುವಾರ ಕ್ಷಮೆ ಕೇಳಬೇಕೆಂದು ಬೆಳಗ್ಗೆ ಏಳಕ್ಕೇ ಹೋದೆ. ಅತ್ತೆ ಹಿತ್ತಲಲ್ಲಿ ತುಳಸಿಗೆ ನೀರು ಹಾಕು‌ತ್ತಿದ್ದರು. ಮುಂಬಾಗಿಲು ತೆರೆದಿತ್ತು. ಮಾವ ಕಂಪ್ಯೂಟರಿನ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಕುತ್ತಿಗೆ ಓರೆ ಮಾಡಿಕೊಂಡು, ಒಂದು ಕೈಯಲ್ಲಿ ಮೇಜು ತಡವಿಕೊಂಡು, ಕುರುಡರು ಹಾದಿ ಹುಡುಕುವ ಹಾಗೆ ಬಾಣದ ಗುರುತನ್ನು ಪರದೆಯ ಮೇಲೆ ಆಡಿಸುತ್ತಿದ್ದರು. ಮಾವನಿಗೂ ಕಣ್ಣು ಹೋಯಿತೇ? “ಮಾವ” ಎಂದೆ.

ತಿರುಗಿದರು. ಅವರ ಕನ್ನಡಕದ ಎರಡು ಗಾಜಿನ ನಟ್ಟನಡುವೆ ಎರಡು ಬಿಂದಿ! ಅತ್ತೆ ಹಣೆಗೆ ಇಟ್ಟುಕೊಳ್ಳುವ, ಕುಂಕುಮ ಬಣ್ಣದ, ಅಂಟಿಸುವ ಬಿಂದಿ. ದೊಡ್ಡ ಅಳತೆಯದು. ಆ ಎರಡು ಕೆಂಪು ಬೊಟ್ಟುಗಳ ಪಕ್ಕದಿಂದ ಮಾವ ನನ್ನನ್ನು ಇಣುಕಿ ನೋಡಿದರು.

ನಾನು ನಕ್ಕುಬಿಟ್ಟೆ. ಅದನ್ನೂ ಹೇಳಬೇಕು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವನೂ ನಕ್ಕರು. ನಗು ಅರ್ಧಕ್ಕೆ ಬಂದಾಗ ಪರದೆಯ ಮೇಲೆ ನನ್ನ ಕಣ್ಣು ಹೋಯಿತು. ತೆರೆದಿದ್ದದ್ದು ಅತ್ತೆಯ ಪತ್ರಿಕೆ. ಉಬ್ಬಿಸಿದ ಪದಬಂಧದ ಪುಟ.

“ಅವಳಿಗೆ ಹೇಗೆ ಕಾಣತ್ತೋ ಹಾಗೆ ಕೂತು ನೋಡ್ದೆ ಇದ್ರೆ ತಪ್ಪು ಸಿಗಲ್ಲಯ್ಯಾ” ಎಂದರು ಮಾವ. “ನೋಡು, ಇಷ್ಟು ದೊಡ್ಡದು ಮಾಡಿದ್ರೆ ಮುಂದಿನ ಪುಟದ ಗುಂಡಿ ಪರದೆಯಿಂದ ಆಚೆ ಓಡಿಹೋಗತ್ತೆ. ಇವಳು ಎಲ್ಲಿ ಅಂತ ಹುಡುಕ್ತಾಳೆ? ಬರೆದು ಕಳ್ಸಿದೀನಿ. ಈ ಸಲ ಆತ ಒಪ್ಕೊಂಡ, ಅವನ ಯಂತ್ರದಲ್ಲೂ ಕಾಣ್ತಂತೆ.”

“ಎಷ್ಟು ದಿನದಿಂದ ಮಾವ ಇದು?”

“ಡಾಕ್ಟ್ರು ಹೇಳಿದ ಮಾರನೇ ದಿನದಿಂದ. ಅವಳು ಒಳಗೆ ಬರ್ತಾಳೆ, ಸುಮ್ನಿರು.” ಬಿಂದಿ ಬಿಡಿಸಿ ಕಂಪ್ಯೂಟರಿನ ಪೆಟ್ಟಿಗೆಯ ಬದಿಗೆ ಅಂಟಿಸಿದರು. ಅಲ್ಲಿ ಆಗಲೇ ಒಣಗಿ ಅಂಟು ಕಳೆದುಕೊಂಡ ಬಿಂದಿಗಳ ಸಾಲಿತ್ತು. ನಾನು ಎಷ್ಟೋ ಸಲ ಅದನ್ನು ಕಂಡು, ಯಂತ್ರಕ್ಕೆ ಆಯುಧಪೂಜೆಗೆ ಇಟ್ಟದ್ದು ಎಂದುಕೊಂಡಿದ್ದೆ.

ಬೀಟಾ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ನಾನು ಹೋದಾಗಲೆಲ್ಲ ಅತ್ತೆ ಕೇಳುತ್ತಿದ್ದದ್ದು ಒಂದೇ. “ಎಷ್ಟಕ್ಕೆ ಬಂತಂತೋ?” ಬಸುರಿಗೆ ತಿಂಗಳೆಷ್ಟು ಎಂದು ಕೇಳುವ ದನಿ. ಮಾವ ಅಂಕಿ ಹೇಳುತ್ತಿದ್ದರು. ಜಗಳ ನಿಂತಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಡಾಕ್ಟರ ಬಳಿ ಮತ್ತೆ ಹೋದರು, ನಾನೂ ಜೊತೆಗಿದ್ದೆ. ಗೋಡೆಯ ಮೇಲಿನ ಅಕ್ಷರದ ಫಲಕದಲ್ಲಿ ಹಿಂದಿನ ಸಲ ಓದಿದ್ದ ಎರಡು ಸಾಲು ಅತ್ತೆಗೆ ಈ ಸಲ ಸಿಗಲಿಲ್ಲ. ಆಟೋದಲ್ಲಿ ವಾಪಸು ಬರುವಾಗ ಮಾವ ಅಂಗಡಿಗಳ ಬೋರ್ಡುಗಳಲ್ಲಿನ ತಪ್ಪುಗಳನ್ನೂ ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು ಫೋನು ಮಾಡಿದರು. “ಬಾರಯ್ಯಾ. ಫೈನಲ್ ಬಂತು.”

ನಾನು ಹೊರಡುವ ಮುನ್ನ ನೋಡಿದೆ. ಫೈನಲ್ ಬಂದಿರಲಿಲ್ಲ. ಬಂದದ್ದು ಬೀಟಾ ಐದು. ಕೊನೆಯ ಪ್ರತಿ ಎನ್ನುವುದಕ್ಕೂ ಇನ್ನೂ ವಾರಗಳಿದ್ದವು. ತಮ್ಮ ಮದುವೆಯ ಪತ್ರಿಕೆಯ ನಂತರ ಪ್ರೂಫ್ ಮುಗಿಯದ ಒಂದನ್ನೂ ಅತ್ತೆಯ ಕೈಗೆ ಕೊಡದ ಮನುಷ್ಯ!

ಹೋದಾಗ ಅತ್ತೆ ಆಗಲೇ ಕುರ್ಚಿಯಲ್ಲಿ ಕೂತಿದ್ದರು, ಹಬ್ಬದ ಸೀರೆ ಉಟ್ಟು. ಮಾವ ನನ್ನ ಮುಖ ನೋಡಲಿಲ್ಲ. “ಪೂರ್ತಿ ಮುಗಿದಿದೆ ಕಣೇ. ನೋಡು ನೀನೇ” ಎಂದು, ಬಾಗಿಲ ಬಳಿ ಹೋಗಿ ನಿಂತರು.

ಅತ್ತೆ ‘ಮನೆಯವರದು’ ಒತ್ತಿದರು. ಹೊಸ ಬ್ರೌಸರು ಮೊದಲು ತನ್ನ ಸ್ವಾಗತದ ಪುಟ ತೋರಿಸಿತು. ಅತ್ತೆ ದೊಡ್ಡದು ಮಾಡುವ ಗುಂಡಿ ಒತ್ತಿದರು. ಮತ್ತೆ ಒತ್ತಿದರು, ಮತ್ತೆ. ತಲೆ ಓರೆ ಮಾಡಿ ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. ಪತ್ರಿಕೆಗೆ ಹೋದರು. ಪುಟ ಉಬ್ಬಿತು. ಅತ್ತೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದರು.

“ನಗರದ ಹಳೇ ಬಡಾವಣೆಗಳಲ್ಲಿ ಅಲ್ಪವಿರಾಮ ಮುಂದಿನ ವಾರದಿಂದ ಅಲ್ಪವಿರಾಮ ನೀರು ದಿನ ಬಿಟ್ಟು ದಿನ ಬರಲಿದೆ ಪೂರ್ಣವಿರಾಮ.” ತಿರುಗದೆಯೇ ಕೂಗಿದರು. “ರೀ, ಅಲ್ಪವಿರಾಮ ಕೂಡ ಕಾಣ್ತಿದೆ! ಬಾಲ ಕೂಡ ಕಾಣ್ತಿದೆ ಅದರದ್ದು!”

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ಗಾಜಿನ ನಡುವೆ ಅಂಟಿನ ಕಲೆ ಇತ್ತೋ ಏನೋ, ಒರೆಸುತ್ತಲೇ ಇದ್ದರು.

ಅತ್ತೆ ಅರ್ಧ ಪುಟ ಓದಿದರು. ಆಗ ಪರದೆ ನಿಂತಿತು. ಬ್ರೌಸರು ಮಾಯವಾಯಿತು. ಮಾವ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು. ನಾನು ಅತ್ತೆಯ ಕೈಗಳನ್ನು ನೋಡುತ್ತಿದ್ದೆ. ಅವು ಕೀಲಿಮಣೆಯ ಮೇಲೇ ಇದ್ದವು.

“ಬಿತ್ತು ನೋಡ್ರೀ ನಿಮ್ಮ ಯಂತ್ರ!” ಎಂದರು ಅತ್ತೆ. “ನಾನೇನೂ ಮಾಡಿಲ್ಲಪ್ಪ. ಬೀಟಾ ಅಲ್ವೇ, ಬೀಳತ್ತೆ.”

ಮಾವ ಕನ್ನಡಕ ಹಾಕಿಕೊಂಡರು. “ನಿಂಗೆ ಹೇಗೆ ಗೊತ್ತಾಯ್ತೇ?”

“ಸ್ವಾಗತದ ಪುಟದಲ್ಲಿ ಬರ್ದಿತ್ತಲ್ರೀ, ಬೀಟಾ ಐದು ಅಂತ. ಮಡಕೆ ಗಾತ್ರ ಮಾಡ್ಕೊಂಡಿದ್ದೆ ನಾನು. ಕಾಣ್ದೆ ಇರತ್ಯೇ? ಇಷ್ಟು ತಿಂಗಳಾದ್ಮೇಲೆ ನಾನೇ ಓದಿದ ಮೊದಲನೇ ಮಾತೇ ಅದು.” ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮಾವ ನಿಂತಿದ್ದ ಕಡೆ ಮುಖ ತಿರುಗಿಸಿ, ಕಣ್ಣಂಚಿನಿಂದ ಅವರನ್ನು ಹುಡುಕಿದರು. “ಅಲ್ಲಿ ಯಾಕೆ ನಿಂತಿದೀರಿ, ಬನ್ನಿ. ಮತ್ತೆ ಹಾಕ್ಕೊಡಿ. ಅಲ್ಪವಿರಾಮದ ಹತ್ರ ನಿಲ್ಸಿದೀನಿ.”